ವಿಳಾಸ ಕೊಡಿ, ಕೀ ಕೊಡಬೇಡಿ: ಕ್ರಿಪ್ಟೊ ವಾಲೆಟ್‌ಗೆ ಹೊಸಬರಾದವರಿಗೆ ಒಂದು ಪಾಠ

ಔರಾದ್ ತಾಲ್ಲೂಕಿನ ರೈತರು ಬೆಳೆಸಾಲಕ್ಕೆಂದು ಸರ್ಕಾರದ ‘ಭೂಮಿ’ ಜಾಲತಾಣದಿಂದ ಪಹಣಿ ತೆಗೆಸಿದರೆ ಅದರಲ್ಲಿ ಶಾಯಿಯ ಸಹಿ ಇರುವುದಿಲ್ಲ. ಇರುವುದು ಡಿಜಿಟಲ್ ಸಹಿ. ಆದರೂ ಅದು ಅಧಿಕೃತ ದಾಖಲೆಯೇ. ಪೆನ್ನು ಮುಟ್ಟದೆ ಮಾಡಿದ ಸಹಿಯನ್ನು ನಂಬುವುದು ಹೇಗೆ? ಈ ಪ್ರಶ್ನೆಗೆ ಉತ್ತರ ತಿಳಿದರೆ ಬಿಟ್‌ಕಾಯಿನ್ ಎಂಬ ಕ್ರಿಪ್ಟೊ ನಾಣ್ಯದ ವಾಲೆಟ್‌ನ ಅರ್ಧ ಪಾಠ ಮುಗಿದಂತೆ. ಆದ್ದರಿಂದ ನಾವು ಬಿಟ್‌ಕಾಯಿನ್‌ನಿಂದಲ್ಲ, ಪಹಣಿಯಿಂದಲೇ ಶುರು ಮಾಡೋಣ.

ಡಿಜಿಟಲ್ ಸಹಿಯ ಹಿಂದೆ ಒಂದು ಜೋಡಿ ಸಂಖ್ಯೆಗಳಿರುತ್ತವೆ. ಮೊದಲನೆಯದು ಸಹಿ ಮಾಡುವವರ ಹತ್ತಿರ ಮಾತ್ರ ಇರುವ ಗುಟ್ಟಿನ ಸಂಖ್ಯೆ. ಇದಕ್ಕೆ ಪ್ರೈವೇಟ್ ಕೀ ಎನ್ನುತ್ತಾರೆ, ಅಂದರೆ ಖಾಸಗಿ ಕೀಲಿಕೈ. ಎರಡನೆಯದು ಅದರಿಂದಲೇ ಹುಟ್ಟಿದ, ಯಾರು ಬೇಕಾದರೂ ನೋಡಬಹುದಾದ ಸಂಖ್ಯೆ. ಇದು ಪಬ್ಲಿಕ್ ಕೀ. ಪ್ರೈವೇಟ್ ಕೀಯಿಂದ ಸಹಿ ಮಾಡುತ್ತಾರೆ, ಪಬ್ಲಿಕ್ ಕೀಯಿಂದ ಆ ಸಹಿ ಸರಿಯೇ ಎಂದು ಪರೀಕ್ಷಿಸುತ್ತಾರೆ. ಪರೀಕ್ಷಿಸುವವರಿಗೆ ಗುಟ್ಟಿನ ಸಂಖ್ಯೆ ತಿಳಿಯಬೇಕಾಗಿಲ್ಲ.

ಈ ವಿಚಾರವನ್ನು 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಎಂಬ ಅಮೆರಿಕದ ಇಬ್ಬರು ಪ್ರಬಂಧವಾಗಿ ಪ್ರಕಟಿಸಿದರು. ನಮ್ಮ ದೇಶದ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಡಿಜಿಟಲ್ ಸಹಿಗೆ ಮಾನ್ಯತೆ ಕೊಟ್ಟಿತು. ಪ್ರೈವೇಟ್ ಕೀ, ಪಬ್ಲಿಕ್ ಕೀ ಎಂದರೇನು ಎಂಬ ವ್ಯಾಖ್ಯಾನವೂ ಆ ಕಾಯ್ದೆಯಲ್ಲಿದೆ. ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ ಬಿಟ್‌ಕಾಯಿನ್‌ನ ಪ್ರಬಂಧ ಹೊರಬಂದದ್ದು 2008ರ ಅಕ್ಟೋಬರ್ 31ರಂದು, ಅದರ ಲೆಕ್ಕದ ಖಾತೆಯ ಮೊದಲ ಪುಟ, ಅಂದರೆ ಮೊದಲ ಬ್ಲಾಕ್, ಹುಟ್ಟಿದ್ದು 2009ರ ಜನವರಿ 3ರಂದು. ಅಂದರೆ ಬಿಟ್‌ಕಾಯಿನ್ ಬರುವ ಮೊದಲೇ ಅದರ ಮೂಲ ವಿದ್ಯೆ ನಮ್ಮ ಕಾನೂನಿನ ಪುಸ್ತಕದಲ್ಲಿತ್ತು. ಹೊಸ ಮಾತು ಎಂದು ಹೆದರುವ ಅಗತ್ಯವಿಲ್ಲ.

ವಾಲೆಟ್‌ನಲ್ಲಿ ನಾಣ್ಯ ಇರುವುದಿಲ್ಲ

ಬೀದರ್ ನಗರದ ಕಾಲೇಜು ವಿದ್ಯಾರ್ಥಿಗಳಾಗಲಿ, ಭಾಲ್ಕಿಯ ಅಂಗಡಿಯವರಾಗಲಿ, ಮೊದಲ ಸಲ ಈ ವಿಷಯಕ್ಕೆ ಬಂದಾಗ ತಿಳಿದುಕೊಳ್ಳುವುದು ಹೀಗೆ: ವಾಲೆಟ್ ಆ್ಯಪ್ ಒಳಗೆ ಬಿಟ್‌ಕಾಯಿನ್ ಕೂತಿರುತ್ತದೆ, ಫೋನ್ ಕಳೆದರೆ ಅದೂ ಹೋಯಿತು. ಹಾಗಲ್ಲ. ಯಾವ ವಿಳಾಸದ ಹೆಸರಿನಲ್ಲಿ ಎಷ್ಟಿದೆ ಎಂಬ ಲೆಕ್ಕವೆಲ್ಲ ಬ್ಲಾಕ್‌ಚೈನ್ ಎಂಬ ಬಹಿರಂಗ ಖಾತೆಯಲ್ಲಿ ಬರೆದಿರುತ್ತದೆ. ಆ ಖಾತೆಯ ಪ್ರತಿಗಳು ಜಗತ್ತಿನ ಸಾವಿರಾರು ಕಂಪ್ಯೂಟರುಗಳಲ್ಲಿವೆ. ನಿಮ್ಮ ವಾಲೆಟ್‌ನಲ್ಲಿ ಇರುವುದು ಆ ಲೆಕ್ಕವನ್ನು ಮುಂದಕ್ಕೆ ಸಾಗಿಸುವ ಅಧಿಕಾರ ಮಾತ್ರ. ಆ ಅಧಿಕಾರವೇ ಪ್ರೈವೇಟ್ ಕೀ.

ಫೋನ್ ಕಳೆದರೂ ಕೀ ಬೇರೆ ಕಡೆ ಬರೆದಿಟ್ಟಿದ್ದರೆ ಏನೂ ಹೋಗುವುದಿಲ್ಲ. ಫೋನ್ ಕೈಯಲ್ಲೇ ಇದ್ದರೂ ಕೀ ಇನ್ನೊಬ್ಬರಿಗೆ ತಿಳಿದರೆ ಎಲ್ಲವೂ ಹೋಗಬಹುದು.

ಇನ್ನು ಪ್ರೈವೇಟ್ ಕೀ, ಪಬ್ಲಿಕ್ ಕೀ, ವಿಳಾಸ ಈ ಮೂರರ ಸಂಬಂಧ ನೋಡೋಣ. ಪ್ರೈವೇಟ್ ಕೀಯಿಂದ ಪಬ್ಲಿಕ್ ಕೀ ಬರುತ್ತದೆ. ಪಬ್ಲಿಕ್ ಕೀಯಿಂದ ವಿಳಾಸ ಬರುತ್ತದೆ. ಹಿಂದಕ್ಕೆ ದಾರಿ ಇಲ್ಲ. ಮುಂದೆ ಹೇಳುವುದೆಲ್ಲ ಈ ಮೂರು ವಾಕ್ಯಗಳ ವಿವರಣೆ.

ಮೊದಲ ಹೆಜ್ಜೆ: ಒಂದು ದೊಡ್ಡ ಸಂಖ್ಯೆ

ಪ್ರೈವೇಟ್ ಕೀ ಎಂದರೆ ಬರೀ ಒಂದು ಸಂಖ್ಯೆ. ಆದರೆ ತುಂಬ ದೊಡ್ಡದು. 2ನ್ನು 256 ಸಲ ಬರೆದು ಒಂದಕ್ಕೊಂದು ಗುಣಿಸಿದರೆ 78 ಅಂಕಿಗಳ ಸಂಖ್ಯೆ ಬರುತ್ತದೆ. ಹೆಚ್ಚುಕಡಿಮೆ ಅಷ್ಟು ಸಂಖ್ಯೆಗಳ ರಾಶಿಯಲ್ಲಿ ವಾಲೆಟ್ ಆ್ಯಪ್ ಕಣ್ಣುಮುಚ್ಚಿ ಒಂದನ್ನು ಆರಿಸಿಕೊಳ್ಳುತ್ತದೆ. ಯಾವ ಕಚೇರಿಗೂ ಅರ್ಜಿ ಹಾಕುವುದಿಲ್ಲ, ಯಾರ ಅನುಮತಿಯನ್ನೂ ಕೇಳುವುದಿಲ್ಲ. ಇಂಟರ್‌ನೆಟ್ ಇಲ್ಲದಿದ್ದರೂ ಕೀ ಹುಟ್ಟುತ್ತದೆ.

‘ಇನ್ನೊಬ್ಬರಿಗೂ ಇದೇ ಸಂಖ್ಯೆ ಬಂದರೆ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ರಾಶಿ ಎಷ್ಟು ದೊಡ್ಡದೆಂದರೆ, ನಿಜವಾಗಿ ಯದ್ವಾತದ್ವಾ ಆರಿಸಿದರೆ ಇಬ್ಬರಿಗೆ ಒಂದೇ ಬರುವ ಸಾಧ್ಯತೆಯನ್ನು ಲೆಕ್ಕಕ್ಕೇ ಹಿಡಿಯಬೇಕಾಗಿಲ್ಲ. ಅಪಾಯ ಇರುವುದು ಮನುಷ್ಯರು ತಾವೇ ಆರಿಸಿದಾಗ. ಹುಟ್ಟಿದ ದಿನಾಂಕ, ದೇವರ ಹೆಸರು, ಹಾಡಿನ ಸಾಲು ಇವುಗಳಿಂದ ಕೀ ಮಾಡಿಕೊಂಡವರು ನಾಣ್ಯ ಕಳೆದುಕೊಂಡಿದ್ದಾರೆ. ಕಳ್ಳರ ಕಂಪ್ಯೂಟರುಗಳು ಮೊದಲು ಹುಡುಕುವುದೇ ಅಂಥ ಕೀಗಳನ್ನು. ಆದ್ದರಿಂದ ಆರಿಸುವ ಕೆಲಸವನ್ನು ಒಳ್ಳೆಯ ವಾಲೆಟ್‌ಗೇ ಬಿಡಬೇಕು.

ಎರಡನೆಯ ಹೆಜ್ಜೆ: ಪೆನ್ಸಿಲ್ ಕೈಗೆ ತೆಗೆದುಕೊಳ್ಳಿ

ಪ್ರೈವೇಟ್ ಕೀಯಿಂದ ಪಬ್ಲಿಕ್ ಕೀ ಬರುವುದು ಗಣಿತದಿಂದ. ಬಿಟ್‌ಕಾಯಿನ್ ಬಳಸುವುದು ಎಲಿಪ್ಟಿಕ್ ಕರ್ವ್ ಎಂಬ ವಕ್ರರೇಖೆಯ ಗಣಿತವನ್ನು. ಗುಪ್ತಲಿಪಿಗೆ ಈ ರೇಖೆಗಳನ್ನು ಬಳಸಬಹುದೆಂದು 1985ರಲ್ಲಿ ನೀಲ್ ಕೊಬ್ಲಿಟ್ಜ್ ಮತ್ತು ವಿಕ್ಟರ್ ಮಿಲ್ಲರ್ ಬೇರೆಬೇರೆಯಾಗಿ ಸೂಚಿಸಿದರು. ಆ ಲೆಕ್ಕವನ್ನು ಕಾಗದದ ಮೇಲೆ ಮಾಡುವುದು ಕಷ್ಟ. ಆದರೆ ಅದೇ ಗುಣವಿರುವ ಒಂದು ಚಿಕ್ಕ ಲೆಕ್ಕವನ್ನು ಎಂಟನೆಯ ತರಗತಿಯ ವಿದ್ಯಾರ್ಥಿಯೂ ಮಾಡಬಹುದು. ದಯವಿಟ್ಟು ಓದಿ ಬಿಡಬೇಡಿ, ಬರೆದು ನೋಡಿ.

3ರಿಂದ ಶುರು ಮಾಡಿ. ಪ್ರತಿ ಸಲ 3ರಿಂದ ಗುಣಿಸಿ. ಉತ್ತರ 17ನ್ನು ದಾಟಿದರೆ 17ರಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳಿ. ಮೊದಲು 3. ಆಮೇಲೆ 9. ಆಮೇಲೆ 27, ಅದರಲ್ಲಿ 17 ಕಳೆದರೆ 10. ಹೀಗೇ ಮುಂದುವರಿದರೆ ಸಿಗುವ ಸಾಲು: 3, 9, 10, 13, 5, 15, 11, 16, 14, 8, 7, 4, 12, 2, 6, 1.

ಈಗ ಔರಾದ್‌ನ ಹುಡುಗಿಯೊಬ್ಬಳು 7ನ್ನು ತನ್ನ ಗುಟ್ಟಿನ ಸಂಖ್ಯೆ ಮಾಡಿಕೊಂಡಳು ಎನ್ನೋಣ. ಸಾಲಿನಲ್ಲಿ ಏಳನೆಯದು 11. ಅವಳು 11ನ್ನು ಊರಿಗೆಲ್ಲ ಹೇಳುತ್ತಾಳೆ, 7ನ್ನು ಯಾರಿಗೂ ಹೇಳುವುದಿಲ್ಲ. 11ನ್ನು ಕೇಳಿದ ನೀವು ಅದು ಎಷ್ಟನೆಯದು ಎಂದು ಹೇಗೆ ಕಂಡುಹಿಡಿಯುತ್ತೀರಿ? ಆರನೆಯದು 15, ಏಳನೆಯದು 11, ಎಂಟನೆಯದು 16. ಏರುವ ಕ್ರಮವೂ ಇಲ್ಲ, ಇಳಿಯುವ ಕ್ರಮವೂ ಇಲ್ಲ. ಒಂದೊಂದಾಗಿ ಹುಡುಕಬೇಕು.

ಹದಿನಾರೇ ಸಂಖ್ಯೆಗಳಾದ್ದರಿಂದ ಇಲ್ಲಿ ಹುಡುಕುವುದು ಸುಲಭ. 78 ಅಂಕಿಗಳ ಸಂಖ್ಯೆಯಾದರೆ ಜಗತ್ತಿನ ಕಂಪ್ಯೂಟರುಗಳನ್ನೆಲ್ಲ ಕೂಡಿಸಿದರೂ ಸಾಲದು. ಹಾಗಾದರೆ ಮುಂದಕ್ಕೆ ಹೋಗುವುದೂ ಅಷ್ಟೇ ಕಷ್ಟವಲ್ಲವೇ? ಅಲ್ಲ, ಅದಕ್ಕೆ ಒಳದಾರಿ ಇದೆ. 3ರ ವರ್ಗ 9, ಇದು ಎರಡನೆಯದು. 9ರ ವರ್ಗ 81, ಶೇಷ 13, ಇದು ನಾಲ್ಕನೆಯದು. 13ರ ವರ್ಗ 169, ಶೇಷ 16, ಇದು ಎಂಟನೆಯದು. ಹೀಗೆ ಇಮ್ಮಡಿ ಜಿಗಿಯುತ್ತ, ಬೇಕಾದವನ್ನು ಒಂದಕ್ಕೊಂದು ಗುಣಿಸುತ್ತ ಹೋದರೆ 78 ಅಂಕಿಗಳ ಗುಟ್ಟಿನ ಸಂಖ್ಯೆಯಾದರೂ ಕೆಲವೇ ನೂರು ಹೆಜ್ಜೆಗಳಲ್ಲಿ ಉತ್ತರ ಸಿಗುತ್ತದೆ. ಗುಟ್ಟು ತಿಳಿದವರಿಗೆ ಕ್ಷಣದ ಕೆಲಸ, ತಿಳಿಯದವರಿಗೆ ಮುಗಿಯದ ಕೆಲಸ. ಪಬ್ಲಿಕ್ ಕೀಯನ್ನು ಜಗತ್ತಿಗೆಲ್ಲ ತೋರಿಸಿದರೂ ಪ್ರೈವೇಟ್ ಕೀ ಗುಟ್ಟಾಗಿಯೇ ಉಳಿಯುವುದು ಇದರಿಂದ.

ಮೂರನೆಯ ಹೆಜ್ಜೆ: ವಿಳಾಸ

ಪಬ್ಲಿಕ್ ಕೀ ಉದ್ದವಾಗಿರುತ್ತದೆ. ಚಿಕ್ಕದಾಗಿಸಿದ ರೂಪದಲ್ಲೂ 33 ಬೈಟ್. ಅದನ್ನು ಹ್ಯಾಶ್ ಎಂಬ ಕ್ರಿಯೆಗೆ ಒಡ್ಡಿ ಮೊಟಕು ಮಾಡಿ ವಿಳಾಸ ತಯಾರಿಸುತ್ತಾರೆ. ಬಿಟ್‌ಕಾಯಿನ್‌ನ ಹಳೆಯ ಪದ್ಧತಿಯಲ್ಲಿ ಮೊದಲು ಶಾ-256, ಆಮೇಲೆ ರೈಪ್‌ಎಂಡಿ-160 ಎಂಬ ಎರಡು ಹ್ಯಾಶ್‌ಗಳು ನಡೆದು 20 ಬೈಟ್ ಉಳಿಯುತ್ತದೆ.

ಹ್ಯಾಶ್ ಎಂದರೆ ಹಿಟ್ಟಿನ ಗಿರಣಿ. ಜೋಳ ಹಾಕಿದರೆ ಹಿಟ್ಟು ಬರುತ್ತದೆ; ಹಿಟ್ಟನ್ನು ಮತ್ತೆ ಹಾಕಿದರೆ ಜೋಳ ಬರುವುದಿಲ್ಲ. ಈ ಗಿರಣಿಗೆ ಇನ್ನೊಂದು ಗುಣವೂ ಇದೆ. ಅದೇ ಕಾಳನ್ನು ಎಷ್ಟು ಸಲ ಹಾಕಿದರೂ ಅದೇ ಹಿಟ್ಟು. ಒಂದೇ ಒಂದು ಕಾಳು ಬದಲಾದರೆ ಪೂರ್ತಿ ಬೇರೆ ಹಿಟ್ಟು.

ಹಾಗೆ ಬಂದ 20 ಬೈಟ್‌ಗೆ ತಪ್ಪು ಹಿಡಿಯಲು 4 ಬೈಟ್‌ನ ಚೆಕ್‌ಸಮ್ ಸೇರಿಸುತ್ತಾರೆ. ನೀವು ವಿಳಾಸದಲ್ಲಿ ಒಂದು ಅಕ್ಷರ ತಪ್ಪಾಗಿ ಒತ್ತಿದರೆ ವಾಲೆಟ್ ಅದನ್ನು ಒಪ್ಪದಿರುವುದು ಈ ಚೆಕ್‌ಸಮ್‌ನಿಂದ. ಬರೆಯುವ ಅಕ್ಷರಗಳಲ್ಲೂ ಜಾಣತನವಿದೆ. ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ ಸೇರಿ 62 ಆಗುತ್ತವೆ. ಅದರಲ್ಲಿ ಕಣ್ಣಿಗೆ ಮೋಸ ಮಾಡುವ ಸೊನ್ನೆ, ದೊಡ್ಡ ‘ಓ’, ದೊಡ್ಡ ‘ಐ’, ಸಣ್ಣ ‘ಎಲ್’ ಈ ನಾಲ್ಕನ್ನು ಬಿಟ್ಟು 58ನ್ನು ಮಾತ್ರ ಬಳಸುತ್ತಾರೆ.

ವಿಳಾಸ ನೋಡಿದರೆ ಅದು ಯಾವ ಬಗೆಯದೆಂದು ಹೇಳಬಹುದು. ಬಿಟ್‌ಕಾಯಿನ್‌ನ ಹಳೆಯ ವಿಳಾಸಗಳು 1ರಿಂದ, ಆಮೇಲೆ ಬಂದ ಒಂದು ಬಗೆ 3ರಿಂದ, ಇತ್ತೀಚಿನವು ‘ಬಿಸಿ1’ ಎಂಬ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುತ್ತವೆ. 2021ರ ನವೆಂಬರ್‌ನಲ್ಲಿ ಜಾರಿಯಾದ ಟ್ಯಾಪ್‌ರೂಟ್ ಬಗೆಯಲ್ಲಿ ಹ್ಯಾಶ್ ಮಾಡದೆ ಪಬ್ಲಿಕ್ ಕೀಯನ್ನೇ ವಿಳಾಸದ ರೂಪದಲ್ಲಿ ಬರೆಯುತ್ತಾರೆ. ಅಲ್ಲಿಯೂ ಪ್ರೈವೇಟ್ ಕೀಗೆ ಹಿಂದಿರುಗುವ ದಾರಿ ಇಲ್ಲ. ಎಥೀರಿಯಂ ಎಂಬ ಇನ್ನೊಂದು ಕ್ರಿಪ್ಟೊ ಜಾಲ ಬಳಸುವುದು ಕೆಚಾಕ್-256 ಎಂಬ ಬೇರೆ ಹ್ಯಾಶ್. ಅದರ ಕೊನೆಯ 20 ಬೈಟ್ ತೆಗೆದುಕೊಂಡು, ಮುಂದೆ ಸೊನ್ನೆ ಮತ್ತು ‘ಎಕ್ಸ್’ ಹಚ್ಚಿ, 40 ಅಕ್ಷರಗಳಲ್ಲಿ ವಿಳಾಸ ಬರೆಯುತ್ತಾರೆ.

ಕಳಿಸುವಾಗ ನಡೆಯುವುದೇನು

ಔರಾದ್‌ನ ಆ ಹುಡುಗಿ ಭಾಲ್ಕಿಯಲ್ಲಿರುವ ತನ್ನ ಅಣ್ಣನಿಗೆ ಸ್ವಲ್ಪ ಬಿಟ್‌ಕಾಯಿನ್ ಕಳಿಸಬೇಕು ಎನ್ನೋಣ. ಅಣ್ಣ ತನ್ನ ವಿಳಾಸ ಕೊಡುತ್ತಾನೆ, ಅಷ್ಟು ಸಾಕು. ಅವನ ಫೋನ್ ಆಗ ಸ್ವಿಚ್ ಆಫ್ ಆಗಿದ್ದರೂ ನಡೆಯುತ್ತದೆ. ಅವಳ ವಾಲೆಟ್ ‘ಇಷ್ಟು ಮೊತ್ತ ಈ ವಿಳಾಸಕ್ಕೆ’ ಎಂಬ ಆದೇಶ ಬರೆದು, ತನ್ನ ಪ್ರೈವೇಟ್ ಕೀಯಿಂದ ಸಹಿ ಹಾಕಿ, ಸಹಿಯ ಜೊತೆ ಪಬ್ಲಿಕ್ ಕೀಯನ್ನೂ ಜಾಲಕ್ಕೆ ಬಿಡುತ್ತದೆ. ಪ್ರೈವೇಟ್ ಕೀ ಅವಳ ಫೋನಿನಿಂದ ಹೊರಗೆ ಹೋಗುವುದೇ ಇಲ್ಲ.

ಜಾಲದ ಕಂಪ್ಯೂಟರುಗಳು ಮುಖ್ಯವಾಗಿ ಎರಡು ಪ್ರಶ್ನೆ ಕೇಳಿಕೊಳ್ಳುತ್ತವೆ. ಈ ಪಬ್ಲಿಕ್ ಕೀಯನ್ನು ಹ್ಯಾಶ್ ಮಾಡಿದರೆ ನಾಣ್ಯ ಇರುವ ವಿಳಾಸವೇ ಬರುತ್ತದೆಯೇ? ಈ ಸಹಿ ಈ ಪಬ್ಲಿಕ್ ಕೀಗೆ ಹೊಂದುತ್ತದೆಯೇ? ಎರಡಕ್ಕೂ ‘ಹೌದು’ ಬಂದರೆ ಆದೇಶ ಖಾತೆ ಸೇರುತ್ತದೆ. ಅವಳ ಹೆಸರು, ಆಧಾರ್, ಊರು ಯಾರೂ ಕೇಳುವುದಿಲ್ಲ. ಒಂದು ಆದೇಶಕ್ಕೆ ಹಾಕಿದ ಸಹಿ ಇನ್ನೊಂದಕ್ಕೆ ಹೊಂದುವುದಿಲ್ಲವಾದ್ದರಿಂದ ಅದನ್ನು ನಕಲು ಮಾಡಿ ಬಳಸಲೂ ಬರುವುದಿಲ್ಲ.

ಪಹಣಿಯ ಸಹಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವನ್ನು ಇಲ್ಲಿ ಗಮನಿಸಿ. ಪಹಣಿಯ ಕೀ ಯಾರದೆಂದು ಹೇಳಲು ಕಾಯ್ದೆಯ ಪ್ರಕಾರ ಪರವಾನಗಿ ಪಡೆದ ಪ್ರಮಾಣೀಕರಣ ಸಂಸ್ಥೆ ಇದೆ. ಅಧಿಕಾರಿಯ ಕೀ ಕಳೆದರೆ ಹಳೆಯದನ್ನು ರದ್ದು ಮಾಡಿ ಹೊಸದು ಕೊಡುತ್ತಾರೆ. ಬಿಟ್‌ಕಾಯಿನ್‌ಗೆ ಅಂಥ ಸಂಸ್ಥೆ ಇಲ್ಲ. ಕೀ ಕಳೆದರೆ ಹೊಸದು ಕೊಡುವ ಕಚೇರಿ ಬೀದರ್‌ನಲ್ಲೂ ಇಲ್ಲ, ಬೆಂಗಳೂರಿನಲ್ಲೂ ಇಲ್ಲ. ಕೀ ಯಾರ ಕೈಯಲ್ಲಿದೆಯೋ ಜಾಲದ ಪಾಲಿಗೆ ಅವರೇ ಒಡೆಯರು.

ಬೆಂಗಳೂರಿನ ಪ್ರಕರಣ ಕಲಿಸುವ ಪಾಠ

ಈ ಮಾತಿನ ತೂಕ ನಮ್ಮ ರಾಜ್ಯದಲ್ಲೇ ಒಮ್ಮೆ ಬಯಲಾಗಿದೆ. 2020ರ ನವೆಂಬರ್‌ನಲ್ಲಿ ಬೆಂಗಳೂರಿನ ಕೇಂದ್ರ ಅಪರಾಧ ವಿಭಾಗದ ಪೊಲೀಸರು ಹ್ಯಾಕಿಂಗ್ ಆರೋಪದ ಮೇಲೆ ಯುವಕನೊಬ್ಬನನ್ನು ಬಂಧಿಸಿದರು. 2021ರ ಜನವರಿಯಲ್ಲಿ, ಅವನಿಂದ ಸುಮಾರು 9 ಕೋಟಿ ರೂಪಾಯಿ ಬೆಲೆಯ 31 ಬಿಟ್‌ಕಾಯಿನ್ ವಶಪಡಿಸಿಕೊಂಡಿರುವುದಾಗಿ ಪ್ರಕಟಿಸಿದರು. ಮುಂದೆ ಅದು ರಾಜಕೀಯ ವಿವಾದವಾದಾಗ, 2021ರ ನವೆಂಬರ್‌ನಲ್ಲಿ ನಗರ ಪೊಲೀಸರು ವಿವರಣೆ ಕೊಟ್ಟರು. ಅದರ ಪ್ರಕಾರ, ನಾಣ್ಯಗಳನ್ನು ಪೊಲೀಸ್ ವಾಲೆಟ್‌ಗೆ ವರ್ಗಾಯಿಸಲು ಆರೋಪಿ ತೋರಿಸಿದ್ದ ವಾಲೆಟ್ ತೆರೆದಾಗ ಅಲ್ಲಿ 186ಕ್ಕೂ ಹೆಚ್ಚು ಬಿಟ್‌ಕಾಯಿನ್ ಕಂಡವು. ಅದು ಕ್ರಿಪ್ಟೊ ಕೊಂಡು ಮಾರುವ ವಿನಿಮಯ ಕೇಂದ್ರವೊಂದರ ಚಾಲ್ತಿ ವಾಲೆಟ್, ತನ್ನದೆಂದು ಹೇಳಿಕೊಂಡ ಆರೋಪಿಯ ಬಳಿ ಅದರ ಪ್ರೈವೇಟ್ ಕೀ ಇಲ್ಲ ಎಂದು ಸೈಬರ್ ತಜ್ಞರು ಹೇಳಿದರು. ಆ ಖಾತೆಯನ್ನು ಮುಟ್ಟದೆ ಬಿಡಲಾಯಿತು, ಪೊಲೀಸ್ ವಾಲೆಟ್‌ಗೆ ಏನೂ ಬರಲಿಲ್ಲ. ಪ್ರಕರಣದ ತನಿಖೆಗೆ 2023ರಲ್ಲಿ ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು.

ಯಾರ ತಪ್ಪು ಎಂಬುದು ನ್ಯಾಯಾಲಯದ ವಿಷಯ. ವಿದ್ಯಾರ್ಥಿಗಳಾದ ನಮಗೆ ಪಾಠ ಬೇರೆ. ವಿಳಾಸದಲ್ಲಿ ಎಷ್ಟಿದೆ ಎಂದು ಯಾರು ಬೇಕಾದರೂ ನೋಡಬಹುದು, ಯಾರಿಗೆ ಬೇಕಾದರೂ ತೋರಿಸಬಹುದು. ತೋರಿಸಿದ ಮಾತ್ರಕ್ಕೆ ಅದು ಅವರದಾಗುವುದಿಲ್ಲ. ನಾಳೆ ಯಾರಾದರೂ ಮೊಬೈಲ್ ಹಿಡಿದು ‘ನೋಡು, ನನ್ನ ಹತ್ತಿರ ಇಷ್ಟು ಬಿಟ್‌ಕಾಯಿನ್ ಇದೆ, ನೀನೂ ಹಣ ಹಾಕು’ ಎಂದರೆ ಪರದೆಯನ್ನು ನಂಬಬೇಡಿ. ಆ ವಿಳಾಸದ ಪ್ರೈವೇಟ್ ಕೀಯಿಂದ ಸಹಿ ಮಾಡಿ ತೋರಿಸಬಲ್ಲವರು ಮಾತ್ರ ಅದು ತಮ್ಮದೆಂದು ಹೇಳಬಹುದು.

ಹನ್ನೆರಡು ಪದಗಳು

78 ಅಂಕಿಗಳ ಸಂಖ್ಯೆಯನ್ನು ತಪ್ಪಿಲ್ಲದೆ ಬರೆದಿಡುವುದು ಕಷ್ಟ. ಅದಕ್ಕಾಗಿ 2013ರಲ್ಲಿ ಬಿಐಪಿ-39 ಎಂಬ ಪದ್ಧತಿ ಬಂತು. 2048 ಪದಗಳ ಒಂದು ಪಟ್ಟಿಯಿಂದ ವಾಲೆಟ್ 12 ಅಥವಾ 24 ಪದ ಆರಿಸಿ ಕೊಡುತ್ತದೆ. ಇದೇ ಸೀಡ್ ಫ್ರೇಸ್. ಈ ಪದಗಳಿಂದ ಒಂದು ಪ್ರೈವೇಟ್ ಕೀ ಅಲ್ಲ, ಬೇಕಾದಷ್ಟು ಪ್ರೈವೇಟ್ ಕೀಗಳನ್ನು ಒಂದೇ ಕ್ರಮದಲ್ಲಿ ಮತ್ತೆ ಮತ್ತೆ ಹುಟ್ಟಿಸಬಹುದು. ನಿಮ್ಮ ವಾಲೆಟ್ ಪ್ರತಿ ಸಲ ಹೊಸ ವಿಳಾಸ ತೋರಿಸಿದರೆ ಗಾಬರಿಯಾಗಬೇಡಿ, ಎಲ್ಲವೂ ಅದೇ ಹನ್ನೆರಡು ಪದಗಳ ಮಕ್ಕಳು.

ಕನ್ನಡ ಮಾಧ್ಯಮದಲ್ಲಿ ಓದಿದವರು ಇಲ್ಲಿ ಒಂದು ಎಚ್ಚರ ವಹಿಸಬೇಕು. ಬಿಐಪಿ-39ರಲ್ಲಿ ಕನ್ನಡದ ಪದಪಟ್ಟಿ ಇಲ್ಲ, ನಮ್ಮ ಕೈಗೆ ಸಾಮಾನ್ಯವಾಗಿ ಬರುವುದು ಇಂಗ್ಲಿಷ್ ಪಟ್ಟಿ. ಆ ಪದಗಳನ್ನು ಉಚ್ಚಾರ ಕೇಳಿ ಕನ್ನಡ ಲಿಪಿಯಲ್ಲಿ ಬರೆದಿಡಬೇಡಿ. ‘ಸರಿ’ ಎಂಬ ಅರ್ಥದ ರೈಟ್, ‘ಬರೆ’ ಎಂಬ ಅರ್ಥದ ರೈಟ್ ಎರಡೂ ಆ ಪಟ್ಟಿಯಲ್ಲಿವೆ. ಕನ್ನಡದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಪರದೆಯ ಮೇಲಿನ ಇಂಗ್ಲಿಷ್ ಅಕ್ಷರಗಳನ್ನೇ, ಅದೇ ಕ್ರಮದಲ್ಲಿ, ಸಂಖ್ಯೆ ಹಾಕಿ ಕಾಗದದ ಮೇಲೆ ಬರೆಯಿರಿ. ಮನೆಯಲ್ಲಿ ಒಂದು, ನಂಬಿಕೆಯ ಇನ್ನೊಂದು ಜಾಗದಲ್ಲಿ ಒಂದು ಪ್ರತಿ ಇಡಿ. ಫೋಟೊ ತೆಗೆಯಬೇಡಿ, ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಬೇಡಿ.

ವಿನಿಮಯ ಕೇಂದ್ರದ ಆ್ಯಪ್‌ನಲ್ಲಿ ಖಾತೆ ತೆರೆದವರಿಗೆ ಈ ಪದಗಳು ಸಿಗುವುದಿಲ್ಲ, ಏಕೆಂದರೆ ಅಲ್ಲಿ ಪ್ರೈವೇಟ್ ಕೀ ಕಂಪನಿಯ ಹತ್ತಿರ ಇರುತ್ತದೆ. ಪಾಸ್‌ವರ್ಡ್ ಮರೆತರೆ ಅವರು ಹೊಸದು ಕೊಡುತ್ತಾರೆ ಎಂಬುದು ಅನುಕೂಲ. ಅವರ ಕೀಗೆ ಅಪಾಯವಾದರೆ ನಿಮ್ಮದೂ ಹೋಗುತ್ತದೆ ಎಂಬುದು ಅಪಾಯ. 2024ರ ಜುಲೈನಲ್ಲಿ ವಜೀರ್‌ಎಕ್ಸ್ ಎಂಬ ವಿನಿಮಯ ಕೇಂದ್ರದ ಒಂದು ವಾಲೆಟ್‌ನಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ಕ್ರಿಪ್ಟೊ ಕಳವಾಯಿತು. ಆ ವಾಲೆಟ್‌ಗೆ ಒಂದಲ್ಲ, ಹಲವು ಸಹಿಗಳ ಕಾವಲಿತ್ತು. ಗ್ರಾಹಕರು ತಮ್ಮ ನಾಣ್ಯ ಹಿಂತೆಗೆಯಲಾಗದೆ ಕಾಯಬೇಕಾಯಿತು.

ಕೊನೆಗೆ, ಕೆಲವು ನಿಯಮಗಳು

ಕಾನೂನಿನ ಮಾತು ಮೊದಲು. ಭಾರತದಲ್ಲಿ ಕ್ರಿಪ್ಟೊ ಅಧಿಕೃತ ನಾಣ್ಯವಲ್ಲ. ಬ್ಯಾಂಕುಗಳು ಈ ವ್ಯವಹಾರಕ್ಕೆ ಸೇವೆ ಕೊಡಬಾರದೆಂಬ ರಿಸರ್ವ್ ಬ್ಯಾಂಕಿನ 2018ರ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ತಳ್ಳಿಹಾಕಿತು. 2022ರಿಂದ ಲಾಭದ ಮೇಲೆ ಶೇಕಡಾ 30 ತೆರಿಗೆ ಇದೆ, ಮಾರಾಟದ ಮೊತ್ತದಲ್ಲಿ ಶೇಕಡಾ 1 ಟಿಡಿಎಸ್ ಕಡಿತವಿದೆ.

ಇನ್ನು ನೀವು ಪಾಲಿಸಬೇಕಾದವು. ವಿಳಾಸವನ್ನು ಹಣ ಕಳಿಸುವವರಿಗೆ ಧೈರ್ಯವಾಗಿ ಕೊಡಿ. ಆದರೆ ಅದನ್ನು ಬಲ್ಲವರು ನಿಮ್ಮ ಮೊತ್ತವನ್ನೂ ನೋಡಬಲ್ಲರು, ಆದ್ದರಿಂದ ಸ್ಟೇಟಸ್‌ನಲ್ಲಿ ಹಾಕಿ ಮೆರೆಸಬೇಡಿ. ಕಳಿಸುವಾಗ ವಿಳಾಸವನ್ನು ಮೊದಲಿಂದ ಕೊನೆಯವರೆಗೆ ಹೋಲಿಸಿ ನೋಡಿ; ಮೊದಲ ಮತ್ತು ಕೊನೆಯ ಕೆಲವು ಅಕ್ಷರಗಳು ಒಂದೇ ಇರುವ ನಕಲಿ ವಿಳಾಸಗಳನ್ನು ಮೋಸಗಾರರು ತಯಾರಿಸುತ್ತಾರೆ. ದೊಡ್ಡ ಮೊತ್ತ ಕಳಿಸುವ ಮೊದಲು ಅತಿ ಚಿಕ್ಕ ಮೊತ್ತ ಕಳಿಸಿ, ತಲುಪಿದೆಯೇ ಕೇಳಿ. ವಾಲೆಟ್ ‘ಸಹಿ ಮಾಡಿ’ ಎಂದಾಗ ಓದದೆ ಒತ್ತಬೇಡಿ. ಕೀ ಕೇಳದೆಯೇ ಒಂದು ಸಹಿಯಿಂದ ನಾಣ್ಯ ದೋಚುವವರೂ ಇದ್ದಾರೆ.

ಮೋಸವಾಯಿತೆಂದು ತಿಳಿದ ಕೂಡಲೇ, ನಾಚಿಕೊಂಡು ಸುಮ್ಮನಿರದೆ, ರಾಷ್ಟ್ರೀಯ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹತ್ತಿರದ ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಬ್ಯಾಂಕಿನಿಂದ ಹೊರಟ ರೂಪಾಯಿಯನ್ನು ಬೇಗ ತಿಳಿಸಿದರೆ ತಡೆಯುವ ಅವಕಾಶವಿದೆ. ಸಹಿಯಾಗಿ ಬ್ಲಾಕ್‌ಚೈನ್ ಸೇರಿದ ವರ್ಗಾವಣೆಯನ್ನು ಹಿಂದಕ್ಕೆ ತರುವ ಗುಂಡಿ ಯಾರ ಹತ್ತಿರವೂ ಇಲ್ಲ.

ಕ್ರಿಪ್ಟೊಗೆ ಹಣ ಹಾಕಬೇಕೋ ಬೇಡವೋ ಎಂದು ಈ ಪಾಠ ಹೇಳುವುದಿಲ್ಲ. ಅದು ನಿಮ್ಮ ಮನೆಯ ಲೆಕ್ಕ. ಆದರೆ ಒಂದು ಮಾತನ್ನು ನಿಮ್ಮ ಮನೆಯವರಿಗೂ, ಗೆಳೆಯರಿಗೂ ಹೇಳಿಕೊಡಿ. ಕಂಪನಿಯ ಸಿಬ್ಬಂದಿ ಎನ್ನಲಿ, ಪೊಲೀಸ್ ಎನ್ನಲಿ, ಕಳೆದದ್ದನ್ನು ಮರಳಿ ಕೊಡಿಸುತ್ತೇನೆ ಎನ್ನಲಿ, ಫೋನ್ ಮಾಡಿಯೋ ಸಂದೇಶ ಕಳಿಸಿಯೋ ನಿಮ್ಮ ಹನ್ನೆರಡು ಪದ ಅಥವಾ ಪ್ರೈವೇಟ್ ಕೀ ಕೇಳುವವರು ನಿಮ್ಮ ನಾಣ್ಯ ಕದಿಯಲು ಬಂದವರು. ಅವರಿಗೆ ಉತ್ತರ ಕೊಡದೆ ಫೋನ್ ಇಡಿ.